ಹುಸಿ ಎಚ್ಚರಿಕೆಯ ಬೆಲೆ

ಯಾವ ಉಪಕರಣವೂ ದೋಷರಹಿತವಲ್ಲವೆಂಬುದು ಪ್ರಯೋಗಶಾಲೆಯಲ್ಲಿ ಕೆಲಸಮಾಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದ ಮಾತು. ಆದರೆ ವೈದ್ಯಕೀಯ ಪರೀಕ್ಷೆಯ ವರದಿ ಕೈಗೆ ಬಂದೊಡನೆ ಈ ತಿಳಿವಳಿಕೆಯನ್ನು ನಾವು ಮರೆಯುತ್ತೇವೆ. ದೊಡ್ಡಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ನಡೆಸುವ ಮಲಪರೀಕ್ಷೆಯು ಇದಕ್ಕೊಂದು ನಿದರ್ಶನ.

ಈ ಪರೀಕ್ಷೆಯು ಹುಡುಕುವುದು ಕ್ಯಾನ್ಸರನ್ನಲ್ಲ, ಕಣ್ಣಿಗೆ ಕಾಣದಷ್ಟು ಅಲ್ಪವಾದ ರಕ್ತವನ್ನು. 1864ರಲ್ಲಿ ವಾನ್ ಡೀನ್ ಎಂಬ ವಿಜ್ಞಾನಿಯು ಗ್ವಾಯಕ್ ಮರದ ರಾಳವನ್ನು ಇದಕ್ಕಾಗಿ ಬಳಸಿದನು. ಹೈಡ್ರೊಜನ್ ಪೆರಾಕ್ಸೈಡನ್ನು ಸೇರಿಸಿದಾಗ ರಕ್ತದ ಸಂಪರ್ಕದಲ್ಲಿ ಆ ರಾಳವು ನೀಲಿಯಾಗುತ್ತದೆ. ಆದರೆ ತಿಂದ ಮೂಲಂಗಿಯೂ ಮಾಂಸವೂ ಅದೇ ನೀಲಿಯನ್ನು ತರಬಲ್ಲವು. ಫಿಟ್ ಎಂಬ ಹೊಸ ಪರೀಕ್ಷೆಯು ಮನುಷ್ಯನ ಹೀಮೊಗ್ಲೋಬಿನನ್ನು ಮಾತ್ರ ಗುರುತಿಸುವುದರಿಂದ ಅದಕ್ಕೆ ಈ ದೋಷವಿಲ್ಲ. ಆದರೂ ಆ ರಕ್ತವು ಮೂಲವ್ಯಾಧಿಯದೋ ಕ್ಯಾನ್ಸರಿನದೋ ಎಂಬುದನ್ನು ಅದು ಹೇಳಲಾರದು.

ಸ್ವಲ್ಪ ಲೆಕ್ಕಹಾಕೋಣ. 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಂತೆ, ಫಿಟ್ ಪರೀಕ್ಷೆಯು ರೋಗವುಳ್ಳ 100 ಜನರಲ್ಲಿ ಸುಮಾರು 79 ಮಂದಿಯನ್ನು ಗುರುತಿಸುತ್ತದೆ; ರೋಗವಿಲ್ಲದ 100 ಜನರಲ್ಲಿ ಸುಮಾರು 6 ಮಂದಿಯನ್ನು ತಪ್ಪಾಗಿ ಶಂಕಿಸುತ್ತದೆ. 10,000 ಜನರಲ್ಲಿ 50 ಮಂದಿಗೆ ರೋಗವಿದೆಯೆಂದು ಭಾವಿಸಿ. ಆಗ ರೋಗಿಗಳಲ್ಲಿ ಸುಮಾರು 40 ಮಂದಿ ಪತ್ತೆಯಾಗುತ್ತಾರೆ. ಉಳಿದ 9,950 ಮಂದಿಯಲ್ಲಿ 597 ಜನ ಶಂಕೆಗೆ ಒಳಗಾಗುತ್ತಾರೆ. ಎಂದರೆ ಎಚ್ಚರಿಕೆ ಪಡೆದ ಹದಿನಾರು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಕ್ಯಾನ್ಸರ್!

ಹಾಗಾದರೆ ಇಂತಹ ಪರೀಕ್ಷೆ ಏತಕ್ಕೆ ಎಂದು ಕೆಲವರು ಕೇಳಬಹುದು. ಈ ವಾದವನ್ನು ನಾನು ಒಪ್ಪಲಾರೆ. ಅಮೆರಿಕದ ಮಿನೆಸೋಟದಲ್ಲಿ 46,551 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೊಮ್ಮೆ ಮಲಪರೀಕ್ಷೆಗೆ ಕರೆಸಿಕೊಂಡವರ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು 13 ವರ್ಷಗಳಲ್ಲಿ ಶೇಕಡ 33ರಷ್ಟು ಕಡಿಮೆಯಾಯಿತು. ಅಲ್ಲದೆ ಆ 597 ಮಂದಿಯಲ್ಲಿ ಕೆಲವರ ಕರುಳಿನಲ್ಲಿ ಮುಂದೆ ಕ್ಯಾನ್ಸರಾಗಬಲ್ಲ ಸಣ್ಣ ಗಂಟುಗಳಿರಬಹುದು. ಅವನ್ನು ಕಿತ್ತುಹಾಕಿದರೆ ರೋಗವನ್ನೇ ತಡೆದಂತಾಗುತ್ತದೆ.

ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದ 134,192 ಜನರನ್ನು ಕುರಿತ, 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಮತ್ತಷ್ಟು ಆಲೋಚನೆಗೆ ಎಡೆಕೊಡುತ್ತದೆ. ಮಲದಲ್ಲಿ ರಕ್ತ ಕಂಡುಬಂದವರಲ್ಲಿ, ವಯಸ್ಸು ಮೊದಲಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಕರುಳಿನ ಕ್ಯಾನ್ಸರಲ್ಲದೆ ಇತರ ಕಾರಣಗಳಿಂದ ಸಾಯುವ ಸಂಭವವು ಶೇಕಡ 58ರಷ್ಟು ಹೆಚ್ಚಾಗಿತ್ತು. ರಕ್ತವೇ ಆ ಸಾವುಗಳಿಗೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಕ್ಯಾನ್ಸರ್ ಇಲ್ಲವೆಂದಮಾತ್ರಕ್ಕೆ ಆ ಎಚ್ಚರಿಕೆಯನ್ನು ಬರಿಯ ಸುಳ್ಳೆಂದು ತಳ್ಳಿಹಾಕಬಾರದೆಂಬುದು ಸ್ಪಷ್ಟ. ಅನೇಕ ವೇಳೆ ರಕ್ತವಿದ್ದದ್ದು ನಿಜ. ತಪ್ಪಿದ್ದು ನಾವು ಅದಕ್ಕೆ ಕೊಟ್ಟ ಅರ್ಥ.

ಆದುದರಿಂದ ಈ ಲೆಕ್ಕವನ್ನು ಪರೀಕ್ಷೆಗೆ ಮೊದಲೇ ಜನರಿಗೆ ತಿಳಿಸಬೇಕೆಂಬುದು ನನ್ನ ಅಭಿಪ್ರಾಯ. ಹದಿನಾರರಲ್ಲಿ ಒಂದು ಎಂಬುದನ್ನು ಅರಿತವನು ವರದಿಯನ್ನು ಕಂಡು ಎದೆಗುಂದುವುದಿಲ್ಲ. ನಳಿಕೆಯಿಂದ ಕರುಳಿನ ಒಳಭಾಗವನ್ನು ನೋಡುವ ಕೊಲೊನೊಸ್ಕೋಪಿಯನ್ನು ತಪ್ಪಿಸಿಕೊಳ್ಳುವುದೂ ಇಲ್ಲ. ಚೆನ್ನಾಗಿ ನಡೆಸಿದ ಆ ಪರೀಕ್ಷೆಯಲ್ಲಿ ದೋಷವೇನೂ ಕಾಣದಿದ್ದರೆ, ಸಾಮಾನ್ಯ ಅಪಾಯವುಳ್ಳವರಿಗೆ 10 ವರ್ಷಗಳ ತನಕ ಮತ್ತೆ ಅದು ಬೇಕಿಲ್ಲವೆಂದು ಅಮೆರಿಕದ ತಜ್ಞರು ಹೇಳುತ್ತಾರೆ. ಈ ನೆಮ್ಮದಿಯ ಮಾತನ್ನೂ ವರದಿಯಲ್ಲಿ ಬರೆದುಕೊಡಬೇಕು. ಸಂಭವನೀಯತೆಯ ಗಣಿತವನ್ನು ನಾವು ಕಲಿಯುವುದು ಅಂಕಗಳಿಗಾಗಿ ಮಾತ್ರವಲ್ಲವಷ್ಟೆ?