ಹಾಡು ಉಳಿದರೆ ಸಾಲದು, ಹಾಡಿದವರ ಹೆಸರೂ ಉಳಿಯಬೇಕು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಯಾವ ಟಂಟಂ ಹತ್ತಿದರೂ ಜಾನಪದ ಹಾಡು ಕಿವಿಗೆ ಬೀಳುತ್ತದೆ. ಯೂಟ್ಯೂಬಿಗೆ ಹೊಸ ಹೊಸ 'ಆಲ್ಬಮ್ ಸಾಂಗ್' ಬರುತ್ತಲೇ ಇವೆ. ಅವುಗಳಲ್ಲಿ ಎಷ್ಟೋ ಹಾಡುಗಳ ಧಾಟಿ ನಮ್ಮ ಹಳ್ಳಿಗಳ ಹಿರಿಯರದು. ಆದರೆ ವಿಡಿಯೊದ ಕೆಳಗೆ ಹುಡುಕಿದರೆ ಅವರ ಹೆಸರು ಸಿಗುವುದು ಅಪರೂಪ. ಜಾನಪದ ಆಲ್ಬಮ್ ಬರಬಾರದು ಎಂದು ನಾನು ಹೇಳುತ್ತಿಲ್ಲ. ಬರಲಿ, ಇನ್ನೂ ಹೆಚ್ಚು ಬರಲಿ. ಹೇಗೆ ಬರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ನೋಡೋಣ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಸಂತ ಶರೀಫರು (1819–1889) ಹಾಡಿದ ಪದಗಳು ಬಹುಕಾಲ ಜನರ ಬಾಯಲ್ಲೇ, ಭಜನೆಯವರ ತಂಬೂರಿಯ ಜೊತೆಗೇ ಬದುಕಿದವು. ಆಮೇಲೆ ಸಿ. ಅಶ್ವಥ್ ಅವರ ಸಂಗೀತದಲ್ಲಿ ಕ್ಯಾಸೆಟ್ ಏರಿ ಮನೆಮನೆಗೆ ಬಂದವು. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮಿನಲ್ಲಿ ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿದರು. 2011ರಲ್ಲಿ ಅವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ಆಲ್ಬಮ್ ಎಂಬುದು ಹಾಡನ್ನು ಎಷ್ಟು ದೂರ ಒಯ್ಯಬಲ್ಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಸುತ್ತಾಡಿದರೂ ಶರೀಫರ ಹೆಸರು ಕಳೆದುಹೋಗಲಿಲ್ಲ. ಇದಕ್ಕೆ ಒಂದು ಕಾರಣ ಅವರ ಅಂಕಿತ. 'ಶಿಶುನಾಳಧೀಶ' ಎಂಬ ಮಾತು ಪದದೊಳಗೇ ಕೂತಿದೆ. ಯಾರು ಹಾಡಿದರೂ ಊರಿನ ಹೆಸರು ಹೇಳಲೇಬೇಕು. ಆದರೆ ಸೋಬಾನೆ ಹಾಡುವ ಅಜ್ಜಿಗೆ ಅಂಕಿತವಿಲ್ಲ. ಬೀಸುವ ಪದಕ್ಕೂ ಇಲ್ಲ. ಮೊಹರಂನಲ್ಲಿ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ಎಷ್ಟೋ ರಿವಾಯತ್ ಮೇಳಗಳ ಹಿರಿಯರ ಹೆಸರು ಅವರ ಊರಿನಾಚೆ ಯಾರಿಗೂ ಗೊತ್ತಿಲ್ಲ. ಅಂಥವರ ಹಾಡಿಗೆ ಆಲ್ಬಮಿನ ಚೀಟಿಯೇ ಅಂಕಿತವಾಗಬೇಕು.

ಹಾಗೆ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಹಳ್ಳಿ ಸಂಗೀತದ ಚರಿತ್ರೆ ತೋರಿಸುತ್ತದೆ. ಅಲ್ಲಿ 'ಕಂಟ್ರಿ' ಸಂಗೀತ ದೊಡ್ಡದಾಗಿ ಬೆಳೆದದ್ದು 1927ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ನಡೆದ ಧ್ವನಿಮುದ್ರಣದಿಂದ. ಅಂದು ಹಾಡಿದ ಕಾರ್ಟರ್ ಕುಟುಂಬ ಲೋಕಪ್ರಸಿದ್ಧವಾಯಿತು. ಮುಂದೆ ಎ. ಪಿ. ಕಾರ್ಟರ್ ಊರೂರು ಅಲೆದು ಹಾಡು ಸಂಗ್ರಹಿಸಿದಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಸಂಗೀತಗಾರ. ಕಾರ್ಟರ್ ಮಾತು ಬರೆದುಕೊಂಡರೆ ರಿಡಲ್ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದರು. ರೆಕಾರ್ಡಿನ ಮೇಲೆ ಅಚ್ಚಾದದ್ದು ಕಾರ್ಟರ್ ಹೆಸರು ಮಾತ್ರ. ಹಾಡು ಕೊಟ್ಟ ಹಳ್ಳಿಯವರ ಹೆಸರೂ ಇಲ್ಲ, ಧಾಟಿ ತಂದ ರಿಡಲ್ ಹೆಸರೂ ಇಲ್ಲ.

"ಜಾನಪದ ಎಲ್ಲರದು, ಕೇಳುವುದೇನು?" ಎನ್ನುವವರಿದ್ದಾರೆ. ಹಳೆಯ ಪದ ಎಲ್ಲರದು, ನಿಜ. ಆದರೆ ಹಾಡಿದ ದನಿ ಎಲ್ಲರದಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ 50 ವರ್ಷಗಳ ಹಕ್ಕಿದೆ. ಮೊಬೈಲ್ ಹಿಡಿದು ರೆಕಾರ್ಡ್ ಮಾಡಿ, ಕೇಳದೆ ಡಿಜೆ ಬೆರೆಸಿ ಬಿಡುವುದು ಅಭಿಮಾನವಲ್ಲ, ಕಿತ್ತುಕೊಳ್ಳುವುದು.

ಆದ್ದರಿಂದ ನನ್ನ ಸಲಹೆ ಇಷ್ಟು. ಬರುವ ದಸರಾ ರಜೆಯಲ್ಲಿ ನಮ್ಮ ಕಾಲೇಜು ಒಂದು ಚಿಕ್ಕ ಆಲ್ಬಮ್ ಮಾಡಲಿ. ಸ್ಟುಡಿಯೊ ಬೇಡ, ಗಾಳಿ-ಗದ್ದಲವಿಲ್ಲದ ಒಂದು ಕೋಣೆ ಮತ್ತು ಒಳ್ಳೆಯ ಮೊಬೈಲ್ ಸಾಕು. ಪ್ರತಿಯೊಬ್ಬರೂ ತಮ್ಮ ಊರಿನ ಒಬ್ಬ ಹಾಡುಗಾರರನ್ನು ಹುಡುಕಲಿ. ಮೊದಲು ಅವರ ಒಪ್ಪಿಗೆ ಪಡೆಯಲಿ, ಹಾಡು ಎಲ್ಲಿಗೆ ಹೋಗುತ್ತದೆ ಎಂದು ತಿಳಿಸಿ ಹೇಳಲಿ. ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಬರೆದುಕೊಳ್ಳಲಿ. ಅರ್ಥವಾಗದ ಮಾತನ್ನು ಅವರನ್ನೇ ಕೇಳಲಿ. ಒಂದು ಪ್ರತಿ ಅವರ ಮನೆಗೆ ಮುಟ್ಟಲಿ, ಇನ್ನೊಂದು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ಹೋಗಲಿ. ಹಣ ಬಂದರೆ ಮೊದಲ ಪಾಲು ಅವರದಾಗಲಿ.

ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ ಎಂಬುದು ನನಗೆ ಗೊತ್ತು. ವಾದ್ಯ ಬೇಡ ಎನ್ನುವವರನ್ನು ನಾನು ಗೌರವಿಸುತ್ತೇನೆ. ಬೀಸುವ ಪದಕ್ಕೆ ವಾದ್ಯ ಬೇಕಿಲ್ಲ, ಬೀಸುಕಲ್ಲಿನ ಸದ್ದೇ ಸಾಕು. ಹಾಡಿನಿಂದ ದೂರ ಇರಬಯಸುವ ಗೆಳೆಯರು ಬರವಣಿಗೆಯಲ್ಲಿ ಕೈ ಜೋಡಿಸಬಹುದು. ಯಾರನ್ನೂ ಒತ್ತಾಯಿಸಬೇಕಿಲ್ಲ. ಪರೀಕ್ಷೆಗೆ ತೊಂದರೆ ಎನ್ನುವವರಿಗೆ ಒಂದೇ ಮಾತು: ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ. ಎಂಬತ್ತು ದಾಟಿದ ಅಜ್ಜಿಯ ದನಿ ಮುಂದಿನ ವರ್ಷಕ್ಕೆ ಇರುತ್ತದೆಯೋ ಇಲ್ಲವೋ, ಅಲ್ಲಾಹನೇ ಬಲ್ಲ.

ಕನ್ನಡ ವಿಭಾಗದ ಗುರುಗಳು ಮುಂದೆ ಬಂದರೆ ಹೆಸರು ಕೊಡಲು ನಾನು ಸಿದ್ಧ. ನೀವು?

— ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ