ಚೆಲುವಿಗಿಂತ ತಿದ್ದುವಿಕೆ ದೊಡ್ಡದು

ಎರಡೇ ಬಾಗಿಲು, ಹಿಂಬದಿಗೆ ಇಳಿಜಾರಾಗುವ ಸ್ಥಿರವಾದ ಛಾವಣಿ – ಇಂತಹ ಕಾರನ್ನು ಕೂಪೆ ಎನ್ನುತ್ತಾರೆ. 1960ರ ದಶಕದ ಯುರೋಪು ಜಗತ್ತಿಗೆ ಕೊಟ್ಟ ಕೂಪೆಗಳಲ್ಲಿ ಎರಡರ ಹೆಸರು ಇಂದಿಗೂ ಜೊತೆಜೊತೆಯಾಗಿ ಕೇಳಿಬರುತ್ತದೆ: ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಮತ್ತು ಜರ್ಮನಿಯ ಪೋರ್ಶೆ 911. ಇವೆರಡರಲ್ಲಿ ಹಿರಿದಾವುದೆಂಬ ಪ್ರಶ್ನೆಗೆ ನನ್ನ ಉತ್ತರ ನಿಮ್ಮಲ್ಲಿ ಕೆಲವರಿಗೆ ರುಚಿಸಲಾರದು.

ಇ-ಟೈಪ್ 1961ರ ಮಾರ್ಚ್ ತಿಂಗಳಲ್ಲಿ ಜಿನೀವಾದಲ್ಲಿ ಬೆಳಕು ಕಂಡಿತು. ಅದಕ್ಕೆ ರೂಪ ಕೊಟ್ಟ ಮಾಲ್ಕಮ್ ಸೇಯರ್ ವಿಮಾನ ಕಾರ್ಖಾನೆಯಲ್ಲಿ ಪಳಗಿದವರು. ಕಾರಿನ ಬಾಗುಗಳನ್ನು ಗಣಿತದ ಸೂತ್ರಗಳಿಂದ ಲೆಕ್ಕ ಹಾಕಿದವರು. 3.8 ಲೀಟರಿನ ಎಂಜಿನ್, 265 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು. ಅದರ ತೆರೆದ ಮಾದರಿಯೊಂದನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1996ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆ ಗೌರವ ಯೋಗ್ಯವೇ.

ಪೋರ್ಶೆಯ ಕಾರು 1963ರಲ್ಲಿ ಫ್ರಾಂಕ್‌ಫರ್ಟಿನಲ್ಲಿ 901 ಎಂಬ ಹೆಸರಿನಿಂದ ಬಂದಿತು. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ತನ್ನವೆಂದು ಪ್ಯೂಜೋ ಸಂಸ್ಥೆ ಆಕ್ಷೇಪಿಸಿದ್ದರಿಂದ ಮರುವರ್ಷ 911 ಆಯಿತು. ಎರಡು ಲೀಟರಿನ ಎಂಜಿನ್ನಿಗೆ 130 ಅಶ್ವಶಕ್ತಿ ಮಾತ್ರ. ಸಾಲದ್ದಕ್ಕೆ ಆ ಎಂಜಿನ್ ಇದ್ದದ್ದು ಹಿಂದಿನ ಅಚ್ಚಿಗಿಂತಲೂ ಹಿಂದೆ! ಹಿಂಭಾರ ಹೆಚ್ಚಾದ ಎತ್ತಿನ ಗಾಡಿಯ ಮೂಕಿ ಮೇಲೇಳುವುದನ್ನು ನೀವು ಬಲ್ಲಿರಿ. ಇಲ್ಲಿಯೂ ಮುಂಭಾಗ ಹಗುರ. ತಿರುವಿನಲ್ಲಿ ಚಾಲಕನು ವೇಗದ ಪೆಡಲಿನಿಂದ ಥಟ್ಟನೆ ಕಾಲೆತ್ತಿದರೆ ಭಾರವಾದ ಬಾಲ ಹೊರಕ್ಕೆ ಬೀಸುತ್ತಿತ್ತು.

ಇಂತಹ ದೋಷವನ್ನು ಆ ಎಂಜಿನಿಯರುಗಳು ವರ್ಷಗಟ್ಟಲೆ ತಿದ್ದಿದರು. ಮೊದಲು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿ ತಲಾ 11 ಕಿಲೋ ಬೀಡುಕಬ್ಬಿಣ ಇಟ್ಟರು. 1968ರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರವನ್ನು 57 ಮಿಲಿಮೀಟರ್ ಹೆಚ್ಚಿಸಿ, ಬ್ಯಾಟರಿಗಳೆರಡನ್ನು ಮುಂದಿನ ಮೂಲೆಗಳಿಗೆ ಹಂಚಿದರು. ಇದರ ಸ್ಥಾನ ತುಂಬಲೆಂದು ಮುಂದೆ ಎಂಜಿನ್ ಇರುವ 928 ಎಂಬ ಕಾರು 1977ರಲ್ಲಿ ಬಂದಿತು. 1995ರಲ್ಲಿ ಅದೇ ನಿಂತುಹೋಯಿತು. 911 ಇಂದಿಗೂ ತಯಾರಾಗುತ್ತಿದೆ, ಎಂಜಿನ್ ಇಂದಿಗೂ ಹಿಂದೆಯೇ.

ಇ-ಟೈಪಿನ ಕಥೆ ಬೇರೆ. ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಅದರ ದೀಪಗಳ ಗಾಜಿನ ಹೊದಿಕೆ ಹೋಯಿತು. 1971ರಲ್ಲಿ ಹನ್ನೆರಡು ಸಿಲಿಂಡರಿನ ದೊಡ್ಡ ಎಂಜಿನ್ ಬಂದಿತು. ಪ್ರತಿ ಬದಲಾವಣೆಯೂ ಅದನ್ನು ಮೂಲ ಚೆಲುವಿನಿಂದ ದೂರ ಒಯ್ದಿತು. 1974ರಲ್ಲಿ ತಯಾರಿಕೆಯೇ ನಿಂತಿತು. ಹುಟ್ಟುವಾಗಲೇ ಪೂರ್ಣವಾಗಿದ್ದುದಕ್ಕೆ ಬೆಳೆಯಲು ಎಡೆಯಿರಲಿಲ್ಲ.

ಚಿತ್ತುಕಾಟಿಲ್ಲದ ಉತ್ತರಪತ್ರಿಕೆ ಕಣ್ಣಿಗೆ ಹಿತ, ನಿಜ. ಆದರೆ ತಪ್ಪನ್ನು ತಾನೇ ಕಂಡುಕೊಂಡು ತಿದ್ದಿದ ಪುಟದಲ್ಲಿ ವಿದ್ಯಾರ್ಥಿಯ ಬುದ್ಧಿ ನಡೆದ ದಾರಿ ಕಾಣುತ್ತದೆ. ಆದ್ದರಿಂದ ಮೊದಲ ನೋಟದ ಬಹುಮಾನ ಇ-ಟೈಪಿಗೇ ಸಲ್ಲಲಿ; ನನ್ನ ಮತ ಮಾತ್ರ 911ಕ್ಕೆ. ಒಪ್ಪದವರು ಧಾರಾಳವಾಗಿ ಬರೆಯಿರಿ, ಕಾರಣಸಹಿತವಾಗಿ.