ಕೆಟ್ಟ ಮಾದರಿಗೂ ಒಂದು ಬಹುಮಾನವಿರಲಿ

ನಮ್ಮ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಬಹುಮಾನವು ಸಾಮಾನ್ಯವಾಗಿ ಹೊಸ ಮಾದರಿಗೇ ಸಲ್ಲುತ್ತದೆ. ಪ್ರದರ್ಶನ ಮುಗಿದೊಡನೆ ಆ ಮಾದರಿ ಬೀರುವನ್ನು ಸೇರುತ್ತದೆ. ಮರುವರ್ಷ ತೆಗೆದು ನೋಡಿದರೆ ಅದು ಓಡದು. ಓಡದ್ದರಿಂದ ಅದನ್ನು ಕಸಕ್ಕೆ ಹಾಕಿ ಮತ್ತೊಂದನ್ನು ಮಾಡುತ್ತಾರೆ. ಈ ಪದ್ಧತಿ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕೆಟ್ಟ ಯಂತ್ರವು ಕಲಿಸುವಷ್ಟು ಭೌತವಿಜ್ಞಾನವನ್ನು ಹೊಸದು ಕಲಿಸಲಾರದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ಮೀಟರ್ ಗೇಜ್ ಹಳಿಯಿದ್ದಾಗ ಅಲ್ಲಿ ರೈಲು ಬಸ್ಸು ಓಡುತ್ತಿತ್ತು. ತಾಳಗುಪ್ಪವನ್ನು ಮುಟ್ಟಿದ ಬಸ್ಸನ್ನು ಟರ್ನ್‌ಟೇಬಲ್ ಎಂಬ ತಿರುಗುವ ಸೇತುವೆಯ ಮೇಲೆ ನಿಲ್ಲಿಸಿ, ಕೈಯಿಂದಲೇ ದೂಡಿ, ಅದರ ಮುಖವನ್ನು ಶಿವಮೊಗ್ಗದ ಕಡೆಗೆ ತಿರುಗಿಸುತ್ತಿದ್ದರು. ಟನ್ನುಗಟ್ಟಲೆ ಭಾರ ಮನುಷ್ಯನ ಕೈಗೆ ಮಣಿಯುವುದು ಹೇಗೆ? ನಡುವಣ ಕೀಲಿನ ಮೇಲೆ ಭಾರವು ಸಮನಾಗಿ ತೂಗಿ ನಿಂತರೆ ಘರ್ಷಣೆಯು ಬಲುಮಟ್ಟಿಗೆ ಕೀಲಿನ ಕಿರಿಯ ತ್ರಿಜ್ಯದಲ್ಲೇ ಉಳಿಯುತ್ತದೆ. ದೂಡುವವರ ಕೈಯಾದರೋ ಸೇತುವೆಯ ತುದಿಯಲ್ಲಿರುತ್ತದೆ. 2011ರ ವೇಳೆಗೆ ಆ ದಾರಿಯೆಲ್ಲ ಬ್ರಾಡ್ ಗೇಜಾಯಿತು. ರೈಲು ಬಸ್ಸಿನ ಕಾಲವೂ ಮುಗಿಯಿತು.

ಈ ಸೇತುವೆಯ ಮೋಟಾರುಸಹಿತವಾದ ಮಾದರಿಯೊಂದು ಸಾಗರ ರಸ್ತೆಯ ಆಲ್ಕೊಳದ ಯಾವುದೋ ಶಾಲೆಯಲ್ಲಿ ಕೆಟ್ಟು ಕುಳಿತಿದೆಯೆಂದು ಭಾವಿಸಿರಿ. ಗುಂಡಿ ಒತ್ತಿದರೆ ಸೇತುವೆ ಅರ್ಧ ತಿರುಗಿ ನಿಲ್ಲುತ್ತದೆ. ಮೋಟಾರು ಗುಂಯ್‌ಗುಟ್ಟಿ ಸುಟ್ಟ ವಾಸನೆ ಬರುತ್ತದೆ. ಇನ್ನೂ ದೊಡ್ಡ ಮೋಟಾರನ್ನು ಹಾಕೋಣವೆಂದು ಹುಡುಗರು ಹೊರಡುತ್ತಾರೆ. ಅದು ರೋಗವನ್ನು ಬಿಟ್ಟು ರೋಗಿಯನ್ನು ಹೊಡೆದಂತೆ. ಬಲವಾದ ಮೋಟಾರು ಗೇರಿನ ಹಲ್ಲುಗಳನ್ನೇ ಮುರಿದೀತು.

ಲೆಕ್ಕ ಹಾಕಿ ನೋಡಿ. 12 ವೋಲ್ಟಿನ ಮೋಟಾರಿನ ಸುರುಳಿಯ ರೋಧ 8 ಓಮ್ ಇರಲಿ. ತಿರುಗುವ ಮೋಟಾರು ತಾನೇ ವಿರುದ್ಧ ದಿಕ್ಕಿನ ವೋಲ್ಟೇಜನ್ನು ಹುಟ್ಟಿಸುವುದರಿಂದ ಪ್ರವಾಹವು 0.2 ಆಂಪಿಯರಿನಷ್ಟೇ ಇದ್ದೀತು. ಆಗ ಸುರುಳಿಯಲ್ಲಿ ಹುಟ್ಟುವ ಶಾಖ 0.32 ವ್ಯಾಟ್. ಸೇತುವೆ ಸಿಕ್ಕಿಕೊಂಡು ಮೋಟಾರು ನಿಂತರೆ ಆ ವಿರೋಧವಿಲ್ಲ, ಪ್ರವಾಹ 1.5 ಆಂಪಿಯರಿಗೆ ಏರಿ, ಶಾಖವು 18 ವ್ಯಾಟ್ ಆಗುತ್ತದೆ, ಅಂದರೆ ಐವತ್ತು ಪಟ್ಟಿಗೂ ಹೆಚ್ಚು! ಆದುದರಿಂದ ಮೊದಲು ಬೇಕಾದುದು ಅಮ್ಮೀಟರು. ಮೋಟಾರನ್ನು ಬಿಡಿಯಾಗಿ ಓಡಿಸಿ ಪ್ರವಾಹವನ್ನು ಬರೆದುಕೊಳ್ಳಿ. ಆಮೇಲೆ ಗೇರನ್ನು ಕೂಡಿಸಿ, ಕಡೆಗೆ ಸೇತುವೆಯನ್ನು. ಮುಳ್ಳು ಎಲ್ಲಿ ನೆಗೆಯುವುದೋ ಅಲ್ಲಿ ದೋಷ. ಮಲೆನಾಡಿನ ಮಳೆಗಾಲದಲ್ಲಿ ಪ್ಲೈವುಡ್ ತೇವವನ್ನು ಹೀರಿ ಉಬ್ಬುತ್ತದೆ. ಸೇತುವೆಯ ತುದಿ ಗುಂಡಿಯ ಗೋಡೆಗೆ ಉಜ್ಜುತ್ತದೆ. ಇಂಥ ದೋಷಕ್ಕೆ ಔಷಧ ಒಂದು ತುಂಡು ಉಪ್ಪುಕಾಗದ ಮಾತ್ರ!

ಇನ್ನೊಂದು ದೋಷ ಸ್ವಾರಸ್ಯದ್ದು. ಮಾದರಿ ರೈಲಿಗೆ ವಿದ್ಯುತ್ತು ಎರಡು ಹಳಿಗಳಿಂದ ಬರುತ್ತದೆ. ಸೇತುವೆ ಅರ್ಧ ಸುತ್ತು ತಿರುಗಿದಾಗ ಅದರ ಎಡಹಳಿ ಹೊರಗಿನ ಬಲಹಳಿಯನ್ನು ಸಂಧಿಸಿ, ಷಾರ್ಟ್ ಸರ್ಕ್ಯೂಟ್ ಆಗುತ್ತದೆ. ಕೀಲಿನ ಬುಡದಲ್ಲಿ ಎರಡಾಗಿ ಸೀಳಿದ ತಾಮ್ರದ ಬಳೆಯನ್ನಿಟ್ಟರೆ ಧ್ರುವಗಳು ತಾವೇ ಅದಲುಬದಲಾಗುತ್ತವೆ. ಪಠ್ಯಪುಸ್ತಕದಲ್ಲಿ ಡಿ.ಸಿ. ಮೋಟಾರಿನ ಚಿತ್ರದೊಳಗೆ ಬಾಯಿಪಾಠ ಮಾಡಿದ ಬಳೆಯೇ ಇದು.

ದುರಸ್ತಿಯಾದ ಮೇಲೆಯೇ ಸುಧಾರಣೆಯ ಮಾತು. ಒಂದು ಸುತ್ತಿಗೆ 200 ಹೆಜ್ಜೆಯಿಡುವ ಸ್ಟೆಪ್ಪರ್ ಮೋಟಾರಿನ ಒಂದು ಹೆಜ್ಜೆ 1.8 ಡಿಗ್ರಿ. 150 ಮಿಲಿಮೀಟರ್ ತ್ರಿಜ್ಯದ ಸೇತುವೆಯ ತುದಿಯಲ್ಲಿ ಅದು 4.7 ಮಿಲಿಮೀಟರ್ ಆಗುತ್ತದೆ. ಹಳಿಗೆ ಹಳಿ ಕೂಡುವುದುಂಟೆ? ನಡುವೆ 60ಕ್ಕೆ 1ರ ವರ್ಮ್ ಗೇರನ್ನು ಇಟ್ಟರೆ ಹೆಜ್ಜೆಯು 0.08 ಮಿಲಿಮೀಟರಿಗೆ ಇಳಿಯುತ್ತದೆ. ಗೇರಿನ ಹಲ್ಲುಗಳ ಸಡಿಲು ತೊಂದರೆ ಕೊಡದಂತೆ ಸೇತುವೆಯು ಪ್ರತಿಸಲವೂ ಒಂದೇ ದಿಕ್ಕಿನಿಂದ ಬಂದು ನಿಲ್ಲಬೇಕು. ಹೆಜ್ಜೆ ತಪ್ಪಿದರೆ ಇಂಥ ಮೋಟಾರಿಗೆ ಸಾಮಾನ್ಯವಾಗಿ ತಿಳಿಯದು. ಆದ್ದರಿಂದ ಸೊನ್ನೆಯ ಸ್ಥಾನವನ್ನು ಗುರುತಿಸಲು ಪುಟ್ಟ ಅಯಸ್ಕಾಂತವೂ ಹಾಲ್ ಸಂವೇದಕವೂ ಅಗತ್ಯ.

ದುರಸ್ತಿಯಾದ ಮಾದರಿಗೆ ಹೊಸದರ ಮೆರುಗು ಇರುವುದಿಲ್ಲವೆಂದು ತೀರ್ಪುಗಾರರು ಆಕ್ಷೇಪಿಸಬಹುದು. ಮೆರುಗಿಗೆ ಬೇರೆ ಬಹುಮಾನಗಳಿವೆ. ಒಂದು ವರ್ಷಕ್ಕಿಂತ ಹಳೆಯದಾದ, ಕೆಟ್ಟು ಮತ್ತೆ ಓಡಿದ ಮಾದರಿಗೆಂದೇ ಪ್ರತಿ ಪ್ರದರ್ಶನದಲ್ಲೂ ಒಂದು ಬಹುಮಾನವನ್ನು ಮೀಸಲಿಡಲಿ. ಅದಕ್ಕೆ ಷರತ್ತು ಒಂದೇ: ದುರಸ್ತಿಗೆ ಮೊದಲಿನ ಮತ್ತು ನಂತರದ ಪ್ರವಾಹದ ಅಳತೆಗಳೂ ತಂತಿಗಳ ನಕ್ಷೆಯೂ ಒಂದು ಪುಸ್ತಕದಲ್ಲಿರಬೇಕು. ಆ ಪುಸ್ತಕವನ್ನು ಮಾದರಿಯೊಡನೆಯೇ ಬೀರುವಿನಲ್ಲಿಡತಕ್ಕದ್ದು. ಮುಂದಿನ ಮಳೆಗಾಲ ಕಳೆದ ಮೇಲೆ ಅದನ್ನು ಬಿಚ್ಚುವವರಿಗೆ ಅದು ಬೇಕಾಗುತ್ತದೆ.